ನಗಿಸುವ ಸರ್, ನೋಟ್ಸ್ ಮೇಡಂ, ಕೆಂಪು ಪೆನ್ನಿನ ಅಂಕಲ್: ಜಾಹೀರಾತು ಯಾರ ಹತ್ತಿರ ಕಲಿಯೋದು?

ಮುಂಬೈಯಲ್ಲಿ ಜಾಹೀರಾತು ಕಲಿಯಬೇಕು ಅಂದರೆ ಇರುವ ದಾರಿ ಒಂದೇ ಅಲ್ಲ. ಯೂನಿವರ್ಸಿಟಿಯ ಡಿಗ್ರಿ ಇದೆ, ಶನಿವಾರ ಭಾನುವಾರದ ವರ್ಕ್‌ಶಾಪ್ ಇದೆ, ಮನೆಯಲ್ಲೇ ಮಲಗಿಕೊಂಡು ಫೋನಿನಲ್ಲಿ ನೋಡುವ ರೆಕಾರ್ಡೆಡ್ ಕೋರ್ಸ್ ಇದೆ. ನಾನು ಇವೆಲ್ಲಕ್ಕೂ ದುಡ್ಡು ಸುರಿದು, ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತುಕೊಂಡೇ ಓಡಾಡಿ ನೋಡಿದವಳು. ಈಗ ಅಂಧೇರಿಯ ಒಂದು ಸಣ್ಣ ಏಜೆನ್ಸಿಯಲ್ಲಿ ಕಾಪಿ, ಅಂದರೆ ಜಾಹೀರಾತಿನ ಮಾತುಗಳನ್ನು, ಬರೆಯುವ ಕೆಲಸ. ದೊಡ್ಡಮ್ಮನ ಮಗಳು ಹನ್ನೆರಡನೇ ಕ್ಲಾಸ್ ಮುಗಿಸಿದ್ದಾಳೆ, "ಅಕ್ಕಾ, ನಾನೂ ಅಡ್ವರ್ಟೈಸಿಂಗ್ ಮಾಡ್ತೇನೆ, ಎಲ್ಲಿ ಸೇರಲಿ?" ಅಂತ ದಿನಾ ತಲೆ ತಿನ್ನುತ್ತಾಳೆ. ದೊಡ್ಡಮ್ಮನಿಗೆ ಬೇರೆ ಚಿಂತೆ, ಅದಕ್ಕೂ ಮೂರು ವರ್ಷ ಓದಬೇಕಾ ಅಂತ. ಇಬ್ಬರಿಗೂ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದೇ ಬಿಡುತ್ತಿದ್ದೇನೆ. ಯಾರ ಹೆಸರೂ ಹೇಳುವುದಿಲ್ಲ, ನಾವು ಹುಡುಗರು ಇಟ್ಟ ಅಡ್ಡಹೆಸರುಗಳೇ ಸಾಕು.

ಡಿಗ್ರಿ ಅಂದರೆ ಮುಂಬೈ ಯೂನಿವರ್ಸಿಟಿಯದ್ದು. ಮಾಸ್ ಮೀಡಿಯಾದ ಡಿಗ್ರಿ, ಮೊದಲು ಬಿಎಂಎಂ ಅನ್ನುತ್ತಿದ್ದರು, ಆಮೇಲೆ ಹೆಸರು ಬದಲಾಗಿ ಬಿಎಎಂಎಂಸಿ ಆಯಿತು. ನನ್ನ ಬ್ಯಾಚಿಗೆ ಮೂರನೇ ವರ್ಷದಲ್ಲಿ ಪತ್ರಿಕೋದ್ಯಮ ಅಥವಾ ಜಾಹೀರಾತು ಅಂತ ಆರಿಸಿಕೊಳ್ಳಬೇಕಿತ್ತು. ಜಾಹೀರಾತು ಆರಿಸಿದವರಿಗೆ ಮುಖ್ಯವಾಗಿ ಸಿಕ್ಕಿದ್ದು ಇಬ್ಬರು: ನಗಿಸುವ ಸರ್ ಮತ್ತು ನೋಟ್ಸ್ ಮೇಡಂ.

ಸರ್ ನಮ್ಮ ಕಾಲೇಜಿನ ಸ್ಟಾರ್. ಬೆಳಿಗ್ಗೆ ಏಳೂವರೆಯ ಲೆಕ್ಚರ್ ಅಂದರೆ ಬೇರೆಯವರ ಕ್ಲಾಸಿನಲ್ಲಿ ಬೆಂಚುಗಳು ಖಾಲಿ. ಇವರ ಕ್ಲಾಸಿಗೆ ಮಾತ್ರ ಕಾಮರ್ಸ್ ಹುಡುಗರು, ಪಾಸಾಗಿ ಹೋದ ಸೀನಿಯರ್‌ಗಳು ಕೂಡ ಬಂದು ಹಿಂದಿನ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಯಕ್ಷಗಾನದಲ್ಲಿ ಹಾಸ್ಯಗಾರ ರಂಗಕ್ಕೆ ಬಂದ ಹಾಗೆ, ಅವರು ಇನ್ನೂ ಬಾಯಿ ಬಿಟ್ಟಿರುವುದಿಲ್ಲ, ಆಗಲೇ ಎಲ್ಲರ ಮುಖದಲ್ಲಿ ನಗು. ಆದರೆ ಬರೀ ಜೋಕಿಗೆ ಯಾರು ತಾನೇ ಬೆಳಿಗ್ಗೆ ಐದಕ್ಕೆ ಏಳುತ್ತಾರೆ ಹೇಳಿ. ಅವರದ್ದು ಒಂದೇ ಒಂದು ನಿಯಮ ಇತ್ತು. ಕಾಲೇಜಿಗೆ ಬರುವ ದಾರಿಯಲ್ಲಿ ಕಂಡ ಒಂದು ಜಾಹೀರಾತಿನ ಬಗ್ಗೆ ಯಾರಾದರೂ ಹೇಳಬೇಕು. ಹೇಳುವಾಗ "ಚೆನ್ನಾಗಿತ್ತು", "ಬೋರ್ ಆಗಿತ್ತು" ಅನ್ನುವ ಹಾಗಿಲ್ಲ. ಅದು ಯಾರ ಜೊತೆ ಮಾತಾಡುತ್ತಿದೆ ಅಂತ ಮಾತ್ರ ಹೇಳಬೇಕು. ಅಷ್ಟೇ.

ಮೊದಮೊದಲು ಇದೇನು ಮಹಾ ಅನ್ನಿಸಿತ್ತು. ನಿಧಾನಕ್ಕೆ ಕಣ್ಣು ಬದಲಾಯಿತು. ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಮೇಲೆ ಅಂಟಿಸಿದ ಬೆನ್ನುನೋವಿನ ಎಣ್ಣೆಯ ಸ್ಟಿಕ್ಕರ್, ಠಾಣೆ ದಾಟಿದ ಮೇಲೆ ಕಾಣುವ ಬಿಲ್ಡರ್‌ಗಳ ಹೋರ್ಡಿಂಗ್, ಸ್ಟೇಷನ್ನಿನ ಹೊರಗೆ ಕೋಚಿಂಗ್ ಕ್ಲಾಸಿನವರು ಹಾಕಿದ ಟಾಪರ್‌ಗಳ ಫೋಟೋ, ಎಲ್ಲದರ ಮುಂದೆಯೂ ನಿಂತು ಯೋಚಿಸುವ ಅಭ್ಯಾಸ ಆಗಿಬಿಟ್ಟಿತು. ಟಾಪರ್‌ಗಳ ಬ್ಯಾನರ್ ಮಕ್ಕಳ ಜೊತೆ ಮಾತಾಡುತ್ತದಾ, ಅವರ ಅಮ್ಮಂದಿರ ಜೊತೆಯಾ? ಇದೊಂದರ ಮೇಲೆ ಒಂದು ಪೂರ್ತಿ ಲೆಕ್ಚರ್ ಜಗಳ ನಡೆದಿದೆ.

ಅವರ ಕ್ಲಾಸ್ ಹೇಗಿರುತ್ತಿತ್ತು ಅನ್ನುವುದಕ್ಕೆ ಸರ್ಫ್ ಮತ್ತು ನಿರ್ಮಾ ಪಾಠ ಹೇಳಲೇಬೇಕು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಪುಡಿ ತಯಾರಿಸಿ ಸೈಕಲ್ ಮೇಲೆ ಮನೆ ಮನೆಗೆ ಮಾರಿದ್ದು, ಅದರ ಬೆಲೆ ಸರ್ಫ್‌ಗಿಂತ ಎಷ್ಟೋ ಕಡಿಮೆ ಇದ್ದದ್ದು, ಮಧ್ಯಮ ವರ್ಗ ಪೂರ್ತಿ ಅತ್ತ ವಾಲಿದ್ದು, ಆಗ ಅಲಿಕ್ ಪದಮ್ಸಿ ಇದ್ದ ಲಿಂಟಾಸ್ ಏಜೆನ್ಸಿ ಸರ್ಫ್ ಪರವಾಗಿ ಮಾತಾಡುವ ಜಾಣ ಗೃಹಿಣಿ ಲಲಿತಾಜೀಯನ್ನು ಟಿವಿಗೆ ತಂದದ್ದು, ಇದೆಲ್ಲ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಸರ್ ಮಾಡಿದ್ದು ಏನಂದರೆ, ಕಿಟಕಿ ಪಕ್ಕದವರೆಲ್ಲ ನಿರ್ಮಾ, ಬಾಗಿಲ ಪಕ್ಕದವರೆಲ್ಲ ಸರ್ಫ್ ಅಂತ ಕ್ಲಾಸನ್ನು ಎರಡು ಭಾಗ ಮಾಡಿದರು. ಮನೆಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬನ್ನಿ, ಪುಸ್ತಕದ ವಾದ ನನಗೆ ಬೇಡ ಅಂದರು. ನನ್ನ ಅಮ್ಮ ಅಕ್ಕಿ ಆರಿಸುತ್ತಾ ತಲೆ ಕೂಡ ಎತ್ತದೆ, "ಚಾದರಕ್ಕೆ, ನೆಲ ಒರೆಸಲಿಕ್ಕೆ ಎಲ್ಲ ನಿರ್ಮಾ ಮಾರಾಯ್ತಿ, ಅಪ್ಪನ ಬಿಳಿ ಅಂಗಿಗೆ ಮಾತ್ರ ಸರ್ಫ್" ಅಂದಳು. ಅಪ್ಪ ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಅಂಗಿ ಬೆಳ್ಳಗೆ ಇರಲೇಬೇಕು. ಮರುದಿನ ಇದನ್ನು ಹೇಳಿದಾಗ ಸರ್ ಮೇಜಿನಿಂದ ಜಿಗಿದು ಇಳಿದರು. "ನೋಡಿ, ಒಂದೇ ಬಾತ್‌ರೂಮಿನಲ್ಲಿ ಎರಡು ಮಾರ್ಕೆಟ್!" ಆಮೇಲೆಯೇ ಬೋರ್ಡಿನ ಮೇಲೆ ಸೆಗ್ಮೆಂಟೇಶನ್ ಅಂತ ಬರೆದದ್ದು, ಅಂದರೆ ಗಿರಾಕಿಗಳನ್ನು ಗುಂಪು ಗುಂಪಾಗಿ ವಿಂಗಡಿಸುವುದು. ಆ ಮಾತು ಕ್ಲಾಸಿನ ಯಾರಿಗೂ ಇವತ್ತಿಗೂ ಮರೆತಿರಲಿಕ್ಕಿಲ್ಲ.

ಇನ್ನೊಂದು ಸಲ, ನಿಮ್ಮ ನಿಮ್ಮ ಭಾಷೆಯ ಪತ್ರಿಕೆಯಿಂದ ಒಂದು ಜಾಹೀರಾತು ಕತ್ತರಿಸಿ ತನ್ನಿ ಅಂದರು. ನಾನು ಮುಂಬೈಯ ಕನ್ನಡ ಪತ್ರಿಕೆಯಿಂದ ಒಂದು ಪೂರ್ತಿ ಪುಟ ತೆಗೆದುಕೊಂಡು ಹೋದೆ. ನಿಮಗೆ ಗೊತ್ತಿರುತ್ತದೆ, ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವ, ಸುತ್ತಲೂ ಪಾಸ್‌ಪೋರ್ಟ್ ಸೈಜಿನ ಮುಖಗಳು, ಕೆಳಗೆ "ಶುಭ ಕೋರುವವರು". ಸರ್‌ಗೆ ಕನ್ನಡ ಓದಲು ಬರುವುದಿಲ್ಲ. ಪುಟವನ್ನು ತಿರುಗಿಸಿ ತಿರುಗಿಸಿ ನೋಡಿದರು. ಇದರಲ್ಲಿ ಪ್ರಾಡಕ್ಟ್ ಎಲ್ಲಿದೆ? ಇಲ್ಲ ಸರ್, ಇವರೆಲ್ಲ ಹೋಟೆಲಿನವರು, ಆದರೆ ಹೋಟೆಲಿನ ಹೆಸರು ಇಷ್ಟು ಸಣ್ಣಕ್ಕೆ ಹಾಕಿದ್ದಾರೆ. ಹಾಗಾದರೆ ಇದನ್ನು ಓದುವವರು ಯಾರು? ಊರಿನವರು, ಸಂಘದವರು, ಹೆಣ್ಣು ಕೊಡುವವರು ಅಂದೆ. ಕ್ಲಾಸ್ ಗೊಳ್ಳೆಂದು ನಕ್ಕಿತು. ಸರ್ ಮಾತ್ರ ನಗಲಿಲ್ಲ. ಈ ಮನುಷ್ಯ ದೋಸೆ ಮಾರುತ್ತಿಲ್ಲ, ತನ್ನ ಹೆಸರಿಗೆ ಬಡ್ಡಿ ಕಟ್ಟುತ್ತಿದ್ದಾನೆ, ನಾಳೆ ಸಂಘದ ಕಮಿಟಿಗೆ ನಿಂತಾಗ, ಮಗನ ಮದುವೆ ಮಾತು ಬಂದಾಗ ಈ ಪುಟ ಕೆಲಸ ಮಾಡುತ್ತದೆ ಅಂದರು. ಹುಟ್ಟಿದಾಗಿನಿಂದ ಆ ಪುಟಗಳ ಮೇಲೆ ಅಮ್ಮ ಹಪ್ಪಳ ಒಣಗಿಸುವುದನ್ನು ನೋಡಿದ್ದೇನೆ, ಅದನ್ನು ಈ ಥರ ಓದಬಹುದು ಅಂತ ಒಬ್ಬ ಗುಜರಾತಿ ಸರ್ ತೋರಿಸಬೇಕಾಯಿತು.

ಅವರು ಒಂದೇ ಒಂದು ಜೋಕ್ ಮಾಡದ ಕ್ಲಾಸೂ ಇತ್ತು. 2024ರ ಮೇ 13ರಂದು ಘಾಟ್ಕೋಪರ್‌ನ ಛೇಡಾ ನಗರದಲ್ಲಿ ಪೆಟ್ರೋಲ್ ಪಂಪಿನ ಮೇಲೆ ಹೋರ್ಡಿಂಗ್ ಬಿದ್ದು 17 ಜನ ಸತ್ತರಲ್ಲ, ಅದಾಗಿ ಕಾಲೇಜು ಶುರುವಾದ ಮೊದಲ ವಾರ. ಮಹಾನಗರಪಾಲಿಕೆ ಒಪ್ಪುವುದು 40 ಅಡಿಗೆ 40 ಅಡಿ, ಅಲ್ಲಿ ನಿಲ್ಲಿಸಿದ್ದು 120ಕ್ಕೆ 120. ಬೋರ್ಡಿನ ಮೇಲೆ ಎರಡು ಚೌಕ ಬರೆದರು, ಒಂದು ಸಣ್ಣದು, ಒಂದು ದೊಡ್ಡದು. ದೊಡ್ಡದರೊಳಗೆ ಸಣ್ಣದು ಎಷ್ಟು ಹಿಡಿಯುತ್ತದೆ ಎಣಿಸಿ ಅಂದರು. ಒಂಬತ್ತು. ಇಷ್ಟು ದೊಡ್ಡದು ಯಾರಿಗೆ ಬೇಕಿತ್ತು, ನೋಡುವವರಿಗಾ, ಜಾಗ ಬಾಡಿಗೆಗೆ ಕೊಡುವವರಿಗಾ? ಚರ್ಚೆ ಬೆಲ್ ಹೊಡೆದ ಮೇಲೂ ನಡೆಯಿತು. ನಾನು ದಿನಾ ಘಾಟ್ಕೋಪರ್ ಮೇಲೆಯೇ ಹೋಗುವವಳು, ಈಗಲೂ ಅಲ್ಲಿಯೇ ಇಳಿದು ಅಂಧೇರಿಗೆ ಮೆಟ್ರೋ ಹಿಡಿಯುತ್ತೇನೆ.

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ಸರ್ ಸಿಲಬಸ್ ಮುಗಿಸುವುದಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನೂರು ಸ್ಲೈಡ್‌ಗಳನ್ನು ಬುಲೆಟ್ ಟ್ರೇನಿನಲ್ಲಿ ಓಡಿಸುತ್ತಾರೆ. ಅವರ ಉದಾಹರಣೆಗಳೆಲ್ಲ ಟಿವಿ ಕಾಲದ್ದು, ರೀಲ್ಸ್ ನೋಡಿ ಬೆಳೆದ ಹುಡುಗರಿಗೆ ಲಿರಿಲ್ ಸೋಪಿನ ಜಲಪಾತದ ಜಾಹೀರಾತು ಎಷ್ಟು ಸಲ ಅಂತ ತೋರಿಸುವುದು? ಇದಕ್ಕಿಂತ ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ಇಂಥ ಕ್ಲಾಸಿನಲ್ಲಿ ಗೆಲ್ಲುವವರು ಬಾಯಿ ಇರುವವರು. ಬಾಂದ್ರಾ ಕಡೆಯ ಇಂಗ್ಲಿಷ್ ಮೀಡಿಯಂ ಹುಡುಗರು ಟಕಟಕ ಅಂತ ಉತ್ತರ ಕೊಡುತ್ತಿದ್ದರು. ಹಿಂದಿನ ಬೆಂಚಿನ ಮರಾಠಿ ಮೀಡಿಯಂ ಹುಡುಗಿಯೊಬ್ಬಳು ವರ್ಷಪೂರ್ತಿ ನಕ್ಕಳೇ ಹೊರತು ಒಂದು ಮಾತು ಆಡಲಿಲ್ಲ, ಸರ್ ಕೂಡ ಅವಳನ್ನು ಕರೆದು ಕೇಳಲಿಲ್ಲ. ಮಜಾ ಇದ್ದ ಕಡೆ ಎಲ್ಲರೂ ಕಲಿಯುತ್ತಿದ್ದಾರೆ ಅಂತ ಅನ್ನಿಸಿಬಿಡುತ್ತದೆ. ಮನೆಗೆ ಬಂದು ಪೆನ್ನು ಹಿಡಿದರೆ ಒಂದು ಸಾಲು ಹುಟ್ಟುವುದಿಲ್ಲ.

ಈಗ ನೋಟ್ಸ್ ಮೇಡಂ. ಪಾಪ, ಎಲ್ಲರೂ ಬೈಯುವುದು ಇವರನ್ನೇ. ಕುರ್ಚಿಯಲ್ಲಿ ಕೂತು ಹಳದಿಯಾದ ಫೈಲಿನಿಂದ ಓದುತ್ತಾರೆ, ನಾವು ಬರೆಯುತ್ತೇವೆ. ಗಮನ, ಆಸಕ್ತಿ, ಆಸೆ, ಕೊಳ್ಳುವುದು ಅನ್ನುವ ನಾಲ್ಕು ಮೆಟ್ಟಿಲಿನ ಎಐಡಿಎ, ಜಾಹೀರಾತಿಗೆ ಅಳೆಯಬಹುದಾದ ಗುರಿ ಇಡಬೇಕು ಅನ್ನುವ ರಸೆಲ್ ಕಾಲಿಯ ಡ್ಯಾಗ್ಮಾರ್, ಅದು ಬಂದದ್ದು 1961ರಲ್ಲಿ, ಜಾಹೀರಾತಿನವರೇ ತಮ್ಮ ಮೇಲೆ ಕಣ್ಣಿಡಲು ಆಸ್ಕಿ ಅನ್ನುವ ಮಂಡಳಿ ಮಾಡಿಕೊಂಡದ್ದು 1985ರಲ್ಲಿ. ಫ್ಯಾನ್ ತಿರುಗುವ ಸದ್ದು ಮೇಡಂ ಧ್ವನಿಗಿಂತ ಜೋರು. ಆದರೆ ಇವತ್ತು ಆಫೀಸಿನಲ್ಲಿ ನನ್ನನ್ನು ಕಾಪಾಡುವುದು ಇವರ ಪಾಠ. ಒಂದು ದಿನ ಜಿಆರ್‌ಪಿ ಅನ್ನುವ ಲೆಕ್ಕ ಹೇಳಿಕೊಟ್ಟರು, ನೂರಕ್ಕೆ ಎಷ್ಟು ಜನ ನೋಡಿದರು ಅನ್ನುವುದನ್ನು ಎಷ್ಟು ಸಲ ನೋಡಿದರು ಅನ್ನುವುದರಿಂದ ಗುಣಿಸುವುದು. ನೂರಕ್ಕೆ 40 ಜನ ಜಾಹೀರಾತನ್ನು ಸರಾಸರಿ 3 ಸಲ ನೋಡಿದರೆ 120 ಜಿಆರ್‌ಪಿ. ನೂರಕ್ಕೆ 60 ಜನ 2 ಸಲ ನೋಡಿದರೂ 120. "ನಂಬರ್ ಒಂದೇ, ಕ್ಯಾಂಪೇನ್ ಬೇರೆ" ಅಂತ ಅದೇ ಸಪ್ಪೆ ದನಿಯಲ್ಲಿ ಅಂದು ಮುಂದಿನ ಪಾಯಿಂಟಿಗೆ ಹೋದರು. ಯಾರೂ ತಲೆ ಎತ್ತಲಿಲ್ಲ. ಸರ್ ಆಗಿದ್ದರೆ ಈ ಒಂದು ವಾಕ್ಯಕ್ಕೆ ಚಪ್ಪಾಳೆ ಬೀಳುತ್ತಿತ್ತು. ಹೊಸ ವಸ್ತು ಆದರೆ ಜಾಸ್ತಿ ಜನಕ್ಕೆ ಮುಟ್ಟಿಸಬೇಕು, ಅರ್ಥವಾಗಲು ಹೊತ್ತು ಹಿಡಿಯುವ ವಿಷಯವಾದರೆ ಅದೇ ಜನಕ್ಕೆ ಮತ್ತೆ ಮತ್ತೆ ತೋರಿಸಬೇಕು, ಕ್ಲೈಂಟ್ ಜೊತೆ ನಮ್ಮ ಅರ್ಧ ಜಗಳ ಇದರ ಮೇಲೆಯೇ.

ಇನ್ನೊಂದು, ಪತ್ರಿಕೆಗಳ ರೇಟ್ ಕಾರ್ಡ್ ಜೆರಾಕ್ಸ್ ಮಾಡಿಸಿ ತಂದು ಹಂಚುತ್ತಿದ್ದರು. 8 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಅಂದರೆ 80 ಚದರ ಸೆಂಟಿಮೀಟರ್, ಅದಕ್ಕೆ ರೇಟ್ ಗುಣಿಸಿ, ಬಣ್ಣಕ್ಕೆ ಇಷ್ಟು, ಮೊದಲ ಪುಟಕ್ಕೆ ಇಷ್ಟು ಸೇರಿಸಿ. ಕೆಲಸಕ್ಕೆ ಸೇರಿದ ಮೊದಲ ವಾರ ನನಗೆ ಕೊಟ್ಟದ್ದು ಇದೇ ಲೆಕ್ಕ. ಜೊತೆಗೆ ಸೇರಿದ ದೊಡ್ಡ ದೊಡ್ಡ ಕಾಲೇಜಿನ ಹುಡುಗರು ಪಿಳಿಪಿಳಿ ನೋಡುತ್ತಿದ್ದರು. ಮೇಡಂ ಸ್ವಲ್ಪ ಮುಖ ಎತ್ತಿ, ಯಾರಾದರೂ ನಮ್ಮನ್ನು ಒಂದು ಮಾತು ಕೇಳಿ ಪಾಠ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ? ಆದರೂ ಅವರನ್ನು ಕಡೆಗಣಿಸಬೇಡಿ.

ಕೆಂಪು ಪೆನ್ನಿನ ಅಂಕಲ್ ಸಿಕ್ಕಿದ್ದು ಮೂರನೇ ವರ್ಷದ ಮಧ್ಯದಲ್ಲಿ. ಏಜೆನ್ಸಿಗಳಲ್ಲಿ ಕಾಪಿ ಬರೆದು ರಿಟೈರ್ ಆದವರು, ವಾರಾಂತ್ಯಕ್ಕೆ ಒಂದು ಬಾಡಿಗೆ ಕೋಣೆಯಲ್ಲಿ ಹನ್ನೆರಡು ಹದಿನೈದು ಜನರನ್ನು ಕೂರಿಸಿಕೊಂಡು ಬರೆಸುತ್ತಾರೆ. ಫೀಸ್ ಕೇಳಿ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಅಲ್ಲಿ ಪಾಠ ಅಂತ ಏನೂ ಇಲ್ಲ. ಒಂದು ವಸ್ತು ಹೇಳುತ್ತಾರೆ, ಅದಕ್ಕೆ ಐವತ್ತು ಹೆಡ್‌ಲೈನ್ ಬರೆದು ತರಬೇಕು, ಮುಂದಿನ ವಾರ ಎಲ್ಲರ ಎದುರು ಕೆಂಪು ಪೆನ್ನು ಓಡುತ್ತದೆ.

ಒಮ್ಮೆ ಎಳನೀರು ಐಸ್‌ಕ್ರೀಮ್ ಕೊಟ್ಟರು. ಮೂಲ್ಕಿಯ ರಘುನಂದನ ಕಾಮತ್ 1984ರಲ್ಲಿ ಜುಹೂದಲ್ಲಿ ನ್ಯಾಚುರಲ್ಸ್ ತೆರೆದು, ಮೊದಲು ಪಾವ್‌ಭಾಜಿ ಜೊತೆ ಐಸ್‌ಕ್ರೀಮ್ ಮಾರಿ, ದೊಡ್ಡ ಜಾಹೀರಾತಿಗಿಂತ ಜಾಸ್ತಿ ಬಾಯಿಮಾತಿನಿಂದಲೇ ಬೆಳೆದವರು. ಅವರಿಗೆ ಬೇಡವಾಗಿದ್ದ ಜಾಹೀರಾತನ್ನು ನೀವು ಬರೆಯಿರಿ ನೋಡೋಣ ಅಂದರು ಅಂಕಲ್. ನಮ್ಮೂರಿನವರ ಐಸ್‌ಕ್ರೀಮ್, ನನಗೆ ಬಿಟ್ಟರೆ ಇನ್ಯಾರಿಗೆ ಬರುತ್ತದೆ ಅಂತ ಹುರುಪಿನಿಂದ ಕೂತೆ. "ಪ್ರಕೃತಿಯ ನಿಜವಾದ ರುಚಿ" ಅಂತ ಶುರು ಮಾಡಿದೆ. ಅಂಕಲ್ ಓದಿ, "ಇದನ್ನು ಜೇನುತುಪ್ಪಕ್ಕೂ ಹಾಕಬಹುದು, ಟೂತ್‌ಪೇಸ್ಟಿಗೂ ಹಾಕಬಹುದು" ಅಂದರು, ಪುಟದ ಮೇಲಿಂದ ಕೆಳಗೆ ಒಂದೇ ಗೀಟು. ಎರಡನೇ ವಾರವೂ ಅದೇ. ಆಮೇಲೆ ಊರಲ್ಲಿ ಮಾವ ಎಳನೀರು ಕೆತ್ತುವಾಗ ಕತ್ತಿ ಹಿಡಿಯುವ ರೀತಿ, ಮಕ್ಕಳನ್ನು ದೂರ ನಿಲ್ಲಿಸುವುದು, ಕೊನೆಗೆ ಗಂಜಿ ಕೆರೆದು ತಿನ್ನಲಿಕ್ಕೆ ಅದೇ ಬೊಂಡದಿಂದ ಒಂದು ಚೂರು ಕೆತ್ತಿ ಕೊಡುವುದು, ಇವನ್ನೆಲ್ಲ ಸುಮ್ನೆ ಬರೆಯುತ್ತಾ ಹೋದೆ. ಅದರಲ್ಲಿ ಒಂದು ಸಾಲು, "ಕತ್ತಿ ಬೇಡ, ಚಮಚ ಸಾಕು". ಹಿಂದಿಯಲ್ಲಿ ಬರೆದು ಕೊಟ್ಟಿದ್ದೆ. ಅಂಕಲ್ ಏನೂ ಹೇಳಲಿಲ್ಲ. ಆ ಸಾಲಿನ ಮೇಲೆ ಗೀಟು ಮಾತ್ರ ಬೀಳಲಿಲ್ಲ. ಏಜೆನ್ಸಿಯ ಇಂಟರ್‌ವ್ಯೂನಲ್ಲಿ ಬಾಸ್ ನನ್ನ ಫೈಲಿನಲ್ಲಿ ಬೆರಳಿಟ್ಟು ನಿಂತದ್ದು ಅದೇ ಪುಟದ ಹತ್ತಿರ.

ಆದರೆ ಅಂಕಲ್ ಎಲ್ಲರಿಗೂ ಆಗಿಬರುವುದಿಲ್ಲ. ಮಾತು ಕತ್ತರಿ. ಒಬ್ಬ ಹುಡುಗ ಎರಡನೇ ವಾರಕ್ಕೇ ಬರುವುದು ಬಿಟ್ಟ. ಡಿಜಿಟಲ್ ಅಂದರೆ ಅವರಿಗೆ ತಾತ್ಸಾರ, ಫೋನಿನ ಜಾಹೀರಾತೆಲ್ಲ ನೊಣ ಅನ್ನುತ್ತಾರೆ, ಆದರೆ ಈಗ ನಮ್ಮ ಸಂಬಳ ಬರುವುದು ಆ ನೊಣದಿಂದಲೇ. ಅರ್ಧ ಸಮಯ ಹಳೇ ಪಾರ್ಟಿಗಳ ಕಥೆ. ಮುಖ್ಯವಾಗಿ, ನೋಡುವ ಕಣ್ಣು ಮೊದಲೇ ತೆರೆದಿದ್ದರೆ ಮಾತ್ರ ಅವರ ಕೆಂಪು ಗೀಟು ಅರ್ಥವಾಗುತ್ತದೆ. ನನಗೆ ಅದು ಸರ್ ಕೊಟ್ಟದ್ದು. ಸೀದಾ ಅಂಕಲ್ ಹತ್ತಿರ ಹೋಗಿದ್ದರೆ ಅಳುತ್ತಾ ಮನೆಗೆ ಬರುತ್ತಿದ್ದೆನೋ ಏನೋ.

ರೆಕಾರ್ಡೆಡ್ ಕೋರ್ಸ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ನಾನು ದುಡ್ಡು ಕೊಟ್ಟು ಕೊಂಡದ್ದರಲ್ಲಿ ಪ್ರತಿ ವಿಡಿಯೋದ ಕೊನೆಗೆ ಮುಂದಿನ ಕೋರ್ಸ್ ಮಾರುತ್ತಿದ್ದರು. ಅದು ಒಳ್ಳೇ ಜಾಹೀರಾತೇ, ಒಪ್ಪುತ್ತೇನೆ, ಆದರೆ ಜಾಹೀರಾತಿನ ಪಾಠ ಅಲ್ಲ. ಅದಕ್ಕಿಂತ ಗೂಗಲ್‌ನ ಸ್ಕಿಲ್‌ಶಾಪ್ ವಾಸಿ, ಅದು ಅವರದೇ ಆನ್‌ಲೈನ್ ಕಲಿಕೆಯ ಸೈಟ್. ಪುಕ್ಕಟೆ. ನೋಟ್ಸ್ ಮೇಡಂಗಿಂತಲೂ ಡ್ರೈ, ಆದರೆ ಸರ್ಚ್ ಜಾಹೀರಾತಿನ ಹರಾಜು ಹೇಗೆ ನಡೆಯುತ್ತದೆ, ಜಾಸ್ತಿ ದುಡ್ಡು ಕೂಗಿದವನೇ ಯಾಕೆ ಯಾವಾಗಲೂ ಮೇಲೆ ಬರುವುದಿಲ್ಲ, ಜಾಹೀರಾತಿನ ಗುಣಮಟ್ಟಕ್ಕೂ ಹುಡುಕಿದ ವಿಷಯಕ್ಕೂ ಇರುವ ಸಂಬಂಧ ಎಷ್ಟು ಲೆಕ್ಕಕ್ಕೆ ಬರುತ್ತದೆ ಅಂತೆಲ್ಲ ಸರಿಯಾಗಿ ತಿಳಿಯುತ್ತದೆ. ಗೂಗಲ್ ಆಡ್ಸ್ ಸರ್ಟಿಫಿಕೇಟ್ ಒಂದು ವರ್ಷಕ್ಕೆ ಮುಗಿಯುತ್ತದೆ, ಮತ್ತೆ ಪರೀಕ್ಷೆ ಬರೆಯಬೇಕು.

ನಾಲ್ವರೂ ಒಂದೇ ವಿಷಯ ತೆಗೆದುಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ. ಅಮುಲ್ ಹುಡುಗಿಯನ್ನೇ ನೋಡಿ, 1966ರಿಂದ ಮುಂಬೈಯ ಹೋರ್ಡಿಂಗ್‌ಗಳ ಮೇಲೆ ಇದ್ದಾಳೆ, ಸಿಲ್ವೆಸ್ಟರ್ ಡಕುನ್ಹಾ ಶುರು ಮಾಡಿದ್ದು, ಚಿತ್ರ ಯೂಸ್ಟಸ್ ಫರ್ನಾಂಡಿಸ್ ಅವರದ್ದು. ಸರ್ ಇದನ್ನು ಪಾಠ ಮಾಡಿದ್ದು ಒಂದು ಪ್ರಶ್ನೆಯಿಂದ: ಇವಳಿಗೆ ಯಾಕೆ ವಯಸ್ಸಾಗಲಿಲ್ಲ, ವಯಸ್ಸಾಗಿದ್ದರೆ ರಾಜಕಾರಣಿಗಳ ಬಗ್ಗೆ ಇಷ್ಟು ಸಲೀಸಾಗಿ ತಮಾಷೆ ಮಾಡಲು ಬಿಡುತ್ತಿದ್ದರಾ? ಮೇಡಂ, ಒಂದೇ ಜಾಗದಲ್ಲಿ ಹೋರ್ಡಿಂಗ್ ಬದಲಾಗುತ್ತಾ ಇದ್ದರೆ ದಿನಾ ಹಾದುಹೋಗುವವನ ನೆನಪಿನಲ್ಲಿ ಏನಾಗುತ್ತದೆ ಅನ್ನುವುದನ್ನು ನಾಲ್ಕು ಪಾಯಿಂಟಿನಲ್ಲಿ ಬರೆಸಿದರು. ಅಂಕಲ್ ಅವತ್ತಿನ ಪೇಪರ್ ಎಸೆದು, ಸಂಜೆಯೊಳಗೆ ನಾಳೆಯ ಅಮುಲ್ ಸಾಲು ಬರೆಯಿರಿ ಅಂದರು. ವಿಡಿಯೋದವನು "ಅಮುಲ್‌ನಿಂದ ಐದು ಪಾಠ" ಅಂತ ಮೂರು ನಿಮಿಷದಲ್ಲಿ ಮುಗಿಸಿದ.

ನನ್ನನ್ನು ಕೇಳಿದರೆ, ದುಡ್ಡು ಮತ್ತು ಸಮಯ ಎರಡೂ ಕಡಿಮೆ ಇದ್ದರೆ ಮೊದಲು ಸರ್ ಥರದವರು ಇರುವ ಕಾಲೇಜು ಹುಡುಕಬೇಕು. ಮೇಡಂ ಥರದವರು ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ, ಅವರ ನೋಟ್ಸ್ ಇನ್ನೊಬ್ಬರಿಂದ ಜೆರಾಕ್ಸ್ ಮಾಡಿಸಿಕೊಂಡು ಓದಿದರೂ ನಡೆಯುತ್ತದೆ, ಆದರೆ ಲೆಕ್ಕಗಳನ್ನು ಮಾತ್ರ ಕೈಯಿಂದ ಮಾಡಿ ನೋಡಬೇಕು. ಸರ್ ಕೊಡುವುದು ಜೆರಾಕ್ಸ್‌ಗೆ ಸಿಗುವುದಿಲ್ಲ, ಕ್ಲಾಸಿನಲ್ಲಿ ಕೂತಿರಬೇಕು. ಅಂಕಲ್ ಮೂರನೇ ವರ್ಷಕ್ಕೆ, ಅದೂ ಬರೆಯುವ ಆಸೆ ಇದ್ದರೆ. ಕ್ಲೈಂಟ್ ಜೊತೆ ಮಾತುಕತೆ ನೋಡಿಕೊಳ್ಳುವ ಕ್ಲೈಂಟ್ ಸರ್ವಿಸಿಂಗ್‌ಗೆ, ಜಾಹೀರಾತು ಎಲ್ಲಿ ಎಷ್ಟು ಸಲ ಹಾಕಬೇಕು ಅಂತ ಲೆಕ್ಕ ಹಾಕುವ ಮೀಡಿಯಾ ಪ್ಲಾನಿಂಗ್‌ಗೆ ಹೋಗುವವರು ಆ ದುಡ್ಡನ್ನು ಉಳಿಸಬಹುದು. ಸ್ಕಿಲ್‌ಶಾಪ್ ರಜೆಯಲ್ಲಿ ಆಗುತ್ತದೆ.

ದೊಡ್ಡಮ್ಮನ ಮಗಳಿಗೆ ಇನ್ನೊಂದು ಮಾತು. ಫೀಸ್ ಕಟ್ಟುವ ಮೊದಲು ಕಾಲೇಜಿನ ಗೇಟಿನ ಹತ್ತಿರ ಚಹಾ ಕುಡಿಯುವ ಸೀನಿಯರ್‌ಗಳನ್ನು ಮಾತಾಡಿಸು. "ಸರ್ ಹೇಗೆ?" ಅಂತ ಕೇಳಿದರೆ ಎಲ್ಲರೂ ಸೂಪರ್ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೋದ ತಿಂಗಳ ಕ್ಲಾಸಿನಲ್ಲಿ ಏನು ನಡೆಯಿತು ಅಂತ ಕೇಳು. ಜೋಕ್ ಹೇಳಿದರೆ ಮುಂದಿನ ಕಾಲೇಜು ನೋಡು. ಯಾವುದಾದರೂ ಜಾಹೀರಾತಿನ ಬಗ್ಗೆ ತಮ್ಮತಮ್ಮಲ್ಲೇ ಜಗಳ ಶುರು ಮಾಡಿದರೆ ಅಲ್ಲಿ ಸೇರು. ದೊಡ್ಡಮ್ಮನನ್ನು ನಾನು ಒಪ್ಪಿಸುತ್ತೇನೆ.